ಮಳೆ ರಜೆ, ಮೂರು ಮಕ್ಕಳು, ಏಳು ಚೀಟಿ

ನಮ್ಮದು ತೀರ್ಥಹಳ್ಳಿ. ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ ಅಂದರೆ ಮಳೆಯ ಬಗ್ಗೆ ಬೇರೇನೂ ಹೇಳಬೇಕಾಗಿಲ್ಲ. ಜುಲೈನಲ್ಲಿ ಪುನರ್ವಸು ಮಳೆ ಹಿಡಿಯಿತು ಅಂದರೆ ಬೆಳಿಗ್ಗೆ ಎದ್ದು ಮೊದಲು ನೋಡುವುದು ವಾಟ್ಸಾಪ್. 'ಇಂದು ಶಾಲೆ, ಅಂಗನವಾಡಿಗಳಿಗೆ ರಜೆ' ಅನ್ನುವ ಆದೇಶದ ಫೋಟೋ ಬಂದಿದ್ದರೆ ಮಗ ಹೊದಿಕೆಯ ಒಳಗಿಂದಲೇ ಹೋ ಅಂತ ಕೂಗುತ್ತಾನೆ. ನಾನು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತೇನೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಶ್ರಾವಣದ ಬ್ಲೌಸುಗಳೆಲ್ಲ ಬಂದು ಬೀಳುವುದು ಇದೇ ಮಳೆಯಲ್ಲಿ. ಮಳೆ ರಜೆಗೆ ಮನೆಯೊಳಗೇ ಮಕ್ಕಳಿಗೆ ನಿಧಿ ಹುಡುಕಾಟ ಆಡಿಸುವುದು ಶುರುವಾಗಿದ್ದು ಎರಡು ಮಳೆಗಾಲದ ಹಿಂದೆ. ಆಗ ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ಮಗಳಿಗೆ ನಾಲ್ಕು, ಅಂಗನವಾಡಿ. ಪಕ್ಕದ ಮನೆ ಹುಡುಗಿಗೆ ಐದು. ಅವಳ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ರಜೆ ಅಂದರೆ ಅವಳೂ ನಮ್ಮಲ್ಲೇ. ಹತ್ತು ಗಂಟೆಗೆ ಕೇರಂ ಬೋರ್ಡಿನ ಜಗಳ, ಹನ್ನೊಂದಕ್ಕೆ ರಿಮೋಟಿನ ಜಗಳ, ಹನ್ನೆರಡಕ್ಕೆ ಕರೆಂಟ್ ಹೋದರೆ ಸುಮ್ನೆ ಒಬ್ಬರ ಮುಖ ಇನ್ನೊಬ್ಬರು ನೋಡಿದ್ದಕ್ಕೂ ಜಗಳ.

ಅಂಥ ಒಂದು ದಿನ ರಾತ್ರಿ ಕೂತು ನಿಧಿ ಹುಡುಕಾಟದ ಚೀಟಿ ಬರೆದೆ. ಒಂದು ಚೀಟಿ ಮುಂದಿನದರ ಜಾಗ ಹೇಳಬೇಕು, ಕೊನೆಯದು ನಿಧಿಯ ಜಾಗ. ಕಾಲೇಜಿನಲ್ಲಿ ಕವನ ಬರೆಯುತ್ತಿದ್ದ ಹಳೇ ಹುಮ್ಮಸ್ಸು ಬಂದುಬಿಟ್ಟಿತ್ತು. ಪ್ರಾಸ ಗೀಸ ಎಲ್ಲ ಹಾಕಿ ಹತ್ತು ಚೀಟಿ. ಮರುದಿನ ಬೆಳಿಗ್ಗೆ ಮೊದಲನೇ ಚೀಟಿ ಮಗನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಮ್ಮ, ಇದರಲ್ಲಿ ನಂಗೆ 'ನ' ಮಾತ್ರ ಗೊತ್ತು" ಅಂದ.

ಸರಿ, ನಾನೇ ಓದಿದೆ. 'ನಾಲ್ಕು ಕಾಲಿದೆ, ನಡೆಯೋದಿಲ್ಲ.' ನನ್ನ ಮನಸ್ಸಿನಲ್ಲಿದ್ದದ್ದು ಮಂಚ. ಮಗ ಕುರ್ಚಿಗೆ ಓಡಿದ. ಪಕ್ಕದ ಮನೆಯವಳು ಊಟದ ಮೇಜಿನ ಕೆಳಗೆ ನುಗ್ಗಿದಳು. ನನ್ನ ಮಗಳು ಸ್ಟೂಲು ಎಳೆದು ಬೀಳಿಸಿದಳು. ಎಲ್ಲಕ್ಕೂ ನಾಲ್ಕೇ ಕಾಲು! ಯಾರದ್ದು ತಪ್ಪು ಅಂತ ಹೇಳುವುದು? ಮೂರನೇ ಚೀಟಿಗೆ ಬರುವ ಹೊತ್ತಿಗೆ ಮಗಳು ಅಳುತ್ತಿದ್ದಳು, ಮಗ ನಿಧಿ ಎಲ್ಲಿದೆ ಅಂತ ನೇರವಾಗಿ ಹೇಳು ಅಂತ ಹಟ ಹಿಡಿದಿದ್ದ. ಜಗುಲಿಯಲ್ಲಿ ಎಲೆ-ಅಡಿಕೆ ಹಾಕುತ್ತಾ ಕೂತಿದ್ದ ಅತ್ತೆ, "ಎಂತ ಮಾರಾಯ್ತಿ ಇದು, ಆಟವೋ ಪರೀಕ್ಷೆಯೋ?" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ನಾನು ಅಡಗಿಸುವುದರಲ್ಲಿ ಜಾಣತನ ತೋರಿಸಲು ಹೋಗಿದ್ದೆ. ಸಣ್ಣ ಮಕ್ಕಳಿಗೆ ಬೇಕಾದದ್ದು ಸಿಗುವುದು. ಪ್ರತಿ ಎರಡು ಮೂರು ನಿಮಿಷಕ್ಕೆ ಏನಾದರೂ ಒಂದು ಸಿಗಬೇಕು. 'ಸಿಕ್ತು!' ಅಂತ ಕೂಗುವುದೇ ಅವರ ಆಟ. ಆಮೇಲೆ ನಾನು ಮಾಡಿದ ಬದಲಾವಣೆಗಳೆಲ್ಲ ಈ ಒಂದು ವಿಷಯದಿಂದಲೇ ಬಂದವು.

ಓದಲು ಬಾರದ ನಾಲ್ಕು ವರ್ಷದವಳಿಗೆ ಏನು ಸುಳಿವು ಕೊಡುವುದು? ಚಿತ್ರ ಬರೆಯೋಣ ಅಂದುಕೊಂಡೆ. ನನ್ನ ಚಿತ್ರದ ಕೈ ಅಷ್ಟಕ್ಕಷ್ಟೆ. ಫ್ರಿಜ್ ಬರೆದರೆ 'ಬಾಗಿಲು' ಅಂದಳು, ಬಕೆಟ್ ಬರೆದರೆ 'ಲೋಟ' ಅಂದಳು. ಮೊಬೈಲಿನಲ್ಲಿ ಫೋಟೋ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬಹುದು, ಒಮ್ಮೆ ಹಾಕಿಸಿದೆ ಕೂಡ. ಆದರೆ ರಜೆ ಗೊತ್ತಾಗುವುದೇ ಬೆಳಿಗ್ಗೆ. ಆ ಮಳೆಯಲ್ಲಿ ಕೊಡೆ ಹಿಡಿದು ಪ್ರಿಂಟಿಗೆ ಯಾರು ಹೋಗುತ್ತಾರೆ?

ಉಪಾಯ ಸಿಕ್ಕಿದ್ದು ನನ್ನ ಚಿಂದಿ ಬಟ್ಟೆಯ ಚೀಲದಲ್ಲಿ. ನಮ್ಮ ಮನೆಯ ಕಿಟಕಿ ಪರದೆ, ದಿಂಬಿನ ಚೀಲ, ಫ್ರಿಜ್ಜಿನ ಹೊದಿಕೆ, ಮಿಕ್ಸಿಯ ಹೊದಿಕೆ ಎಲ್ಲ ನಾನೇ ಹೊಲಿದದ್ದು. ಎಲ್ಲದರ ಚೂರೂ ಚೀಲದಲ್ಲಿತ್ತು. ಪರದೆಯ ಬಟ್ಟೆಯ ಎರಡು ಬೆರಳಗಲದ ಚೂರು ಅವಳ ಕೈಗೆ ಕೊಟ್ಟು, "ಇದರ ಅಮ್ಮ ಎಲ್ಲಿದ್ದಾಳೆ ಹುಡುಕು" ಅಂದೆ. ಅವಳು ಚೂರನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕೈ ಚಾಚಿ ಹಿಡಿದು ಕೋಣೆ ತುಂಬ ಒಂದು ಸುತ್ತು ಬಂದಳು. ಸೋಫಾ ಕವರಿನ ಮೇಲೆ ಇಟ್ಟು ನೋಡಿ ತಲೆ ಅಲ್ಲಾಡಿಸಿದಳು. ನನ್ನ ಸೀರೆಗೆ ಇಟ್ಟಳು. ಕೊನೆಗೆ ಕಿಟಕಿ ಹತ್ತಿರ ಹೋಗಿ ಪರದೆಗೆ ಇಟ್ಟವಳು, ಹಳದಿ ಹೂವಿನ ಪಕ್ಕ ಹಳದಿ ಹೂವು ಕೂತದ್ದೇ ಉಸಿರು ಬಿಗಿಹಿಡಿದು ನನ್ನ ಕಡೆ ತಿರುಗಿದಳು. ಪರದೆಯ ಅಂಚಿಗೆ ಪಿನ್ನು ಹಾಕದೆ ಸಡಿಲವಾಗಿ ನಾಲ್ಕು ಹೊಲಿಗೆ ಹಾಕಿ ಸಿಕ್ಕಿಸಿದ್ದ ಮುಂದಿನ ಚೂರು ಅಲ್ಲೇ ಇತ್ತು. ಅದು ದಿಂಬಿನದು.

ಅವತ್ತು ಐದು ಚೂರು ಇಟ್ಟಿದ್ದೆ. ಐದನ್ನೂ ಅವಳೇ ಹುಡುಕಿದಳು. ದೊಡ್ಡವರಿಬ್ಬರೂ ಹಿಂದೆ ಹಿಂದೆ ಓಡಿದ್ದಷ್ಟೇ. ಬಟ್ಟೆ ಹೊಲಿಯದ ಮನೆಯಲ್ಲೂ ಇದನ್ನು ಮಾಡಬಹುದು. ಚೂರು ತೋರಿಸಿ ಇಡೀ ವಸ್ತು ಹುಡುಕಿಸುವುದು, ಅಷ್ಟೆ. ನೀರಿನ ಬಾಟಲಿಯ ಮುಚ್ಚಳ ಕೊಟ್ಟರೆ ಬಾಟಲಿ ಹತ್ತಿರ ಹೋಗಬೇಕು. ಸೋಪಿನ ಖಾಲಿ ಕಾಗದ ಕೊಟ್ಟರೆ ಮೂಸಿ ನೋಡಿ ಸೋಪಿನ ಪೆಟ್ಟಿಗೆ ಹುಡುಕಬೇಕು. ಒಂದು ಕಾಲಿನ ಸಾಕ್ಸ್ ಕೊಟ್ಟರೆ ಅದರ ಜೋಡಿ. ಒಂದು ಚಮಚ ತೊಗರಿಬೇಳೆ ಕೊಟ್ಟರೆ ಬೇಳೆ ಡಬ್ಬ. ಡಬ್ಬದ ಒಳಗೆ ಇಡಬೇಡಿ, ಕೆಳಗೆ ಇಡಿ. ಒಳಗೆ ಇಟ್ಟ ದಿನ ಎರಡು ಕೆಜಿ ಬೇಳೆ ನೆಲದ ಮೇಲಿತ್ತು.

ಮಗನದ್ದು ಬೇರೆ ಕಥೆ. ಅವನು ಹೋಗುವುದು ಸರ್ಕಾರಿ ಶಾಲೆಗೆ. ಅಲ್ಲಿ ನಲಿ-ಕಲಿ. 1995ರಲ್ಲಿ ಎಚ್.ಡಿ.ಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ನಾವು ಕಲಿತ ಹಾಗೆ ಅ ಆ ಇ ಈ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಹಾಗಾಗಿ ಆ ಜುಲೈನಲ್ಲಿ ಅವನ ಹತ್ತಿರ ಇದ್ದ ಬಂಡವಾಳ ಈ ಹತ್ತು ಅಕ್ಷರ. ಕಾಗುಣಿತ ಇನ್ನೂ ಬಂದಿರಲಿಲ್ಲ.

ಹತ್ತೇ ಅಕ್ಷರದಲ್ಲಿ ನಮ್ಮ ಮನೆಯ ಯಾವ್ಯಾವ ವಸ್ತು ಬರೆಯಬಹುದು ಅಂತ ಒಂದು ರಾತ್ರಿ ಕೂತು ಯೋಚಿಸಿದೆ. ನೀವೂ ಪ್ರಯತ್ನಿಸಿ ನೋಡಿ, ಒಳ್ಳೆ ಮಜಾ ಇದೆ. ಸರ. ದನ, ಅಂದರೆ ಮಗಳ ಆಟದ ಹಸು. ಬಸವ, ದೇವರ ಮನೆಯ ಪುಟ್ಟ ನಂದಿ. ಗರಗಸ ಅಂತಲೂ ಬರೆಯಬಹುದು, ಆದರೆ ಗರಗಸದ ಹತ್ತಿರ ಮಗುವನ್ನು ಯಾರು ಕಳಿಸುತ್ತಾರೆ? ಕೊನೆಗೆ ನನಗೆ ಹೊಳೆದದ್ದು 'ಗಜ'. ನಾನು ಬಟ್ಟೆ ಅಳೆಯುವ ಮರದ ಗಜಕಡ್ಡಿ. ಬಹಳ ಖುಷಿಯಿಂದ ಚೀಟಿ ಬರೆದಿಟ್ಟೆ. ಮಗ ಓದಿದ, ಒಂದೊಂದೇ ಅಕ್ಷರ ಕೂಡಿಸಿ, "ಗ... ಜ... ಗಜ!" ಅಂದ. ಓದಿದ ಖುಷಿಗೆ ನೇರವಾಗಿ ಓಡಿದ್ದು ಗಣಪತಿ ಫೋಟೋ ಹತ್ತಿರ. ಗಜ ಅಂದರೆ ಆನೆ ಅಂತ ಟೀಚರ್ ಹೇಳಿಕೊಟ್ಟಿದ್ದರು! ತಪ್ಪು ಅಂತ ಹೇಳಲು ನನಗೆ ಮನಸ್ಸೇ ಬರಲಿಲ್ಲ. ಅವನು ಆ ಕಡೆ ತಿರುಗಿದ್ದಾಗ ಚೀಟಿಯನ್ನು ಗಜಕಡ್ಡಿಯಿಂದ ತೆಗೆದು ಗಣಪತಿ ಫೋಟೋ ಹಿಂದೆ ಸಿಕ್ಕಿಸಿದೆ.

ಇದು ಮೋಸ ಅಂತ ಅನ್ನಿಸಬಹುದು. ನಾನು ಈಗಲೂ ಮಾಡುತ್ತೇನೆ. ಮಗು ಯೋಚಿಸಿ ಒಂದು ಜಾಗಕ್ಕೆ ಹೋಗಿದೆ, ಆ ಯೋಚನೆಯಲ್ಲಿ ಅರ್ಥ ಇದೆ ಅಂದರೆ ನಿಧಿಯೇ ಅಲ್ಲಿಗೆ ಹೋಗಲಿ. ಅದಕ್ಕೇ ಒಂದೆರಡು ಹೆಚ್ಚುವರಿ ಚೀಟಿ ಯಾವಾಗಲೂ ನನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿರುತ್ತದೆ.

ಮುಂದಿನ ವರ್ಷ ಕಾಗುಣಿತ ಬಂತು, ಆದರೆ ಒತ್ತಕ್ಷರ ಬಂದಿರಲಿಲ್ಲ. ಆಗ ಗೊತ್ತಾಯಿತು, ನಮ್ಮ ಭಾಷೆಯಲ್ಲಿ ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ ಎಲ್ಲದಕ್ಕೂ ಒತ್ತು. ಅಕ್ಕಿಗೆ ಒತ್ತು, ತಟ್ಟೆಗೆ ಒತ್ತು, ಚಪ್ಪಲಿಗೆ ಒತ್ತು, ಕನ್ನಡಿಗೂ ಒತ್ತು. ಒತ್ತಿಲ್ಲದ್ದು ಹುಡುಕಿ ಹುಡುಕಿ ಒಂದು ಪಟ್ಟಿ ಮಾಡಿಕೊಂಡೆ: ಕಿಟಕಿ, ಬಾಗಿಲು, ಲೋಟ, ಚೀಲ, ಹಾಸಿಗೆ, ಗಡಿಯಾರ, ಕೊಡೆ. 'ಛತ್ರಿ' ಅಂತ ಬರೆದರೆ ಸಿಕ್ಕಿಹಾಕಿಕೊಳ್ಳುತ್ತಿದ್ದ, 'ಕೊಡೆ' ಅಂದರೆ ಓಡುತ್ತಿದ್ದ. ಚೀಟಿಯಲ್ಲಿ ಎರಡೇ ಮೂರೇ ಪದ. 'ಲೋಟದ ಒಳಗೆ ನೋಡು.' ಪ್ರಾಸ ಬಿಟ್ಟೇಬಿಟ್ಟೆ.

ಒಗಟಿನ ಕೆಲಸ ಅತ್ತೆಗೆ ವಹಿಸಿದೆ. ಆಟದ ನಡುವೆ ಒಂದು ಚೀಟಿ 'ಅಜ್ಜಿ ಹತ್ತಿರ ಹೋಗು' ಅಂತಲೇ ಇರುತ್ತದೆ. ಮೂವರೂ ಜಗುಲಿಗೆ ಓಡುತ್ತಾರೆ. ಅಜ್ಜಿ ಆರಾಮವಾಗಿ ಅಡಿಕೆ ಕತ್ತರಿಸಿ, ಸುಣ್ಣ ಹಚ್ಚಿ, ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ ಮೇಲೆ ಒಗಟು ಹೇಳುತ್ತಾರೆ. ಅಲ್ಲಿಯವರೆಗೆ ಮಕ್ಕಳು ಕುಣಿಯುತ್ತಿರಬೇಕು. "ಮೂರು ಕಣ್ಣಿದೆ, ಶಿವ ಅಲ್ಲ. ಜುಟ್ಟಿದೆ, ಪೂಜಾರಿ ಅಲ್ಲ." ತೆಂಗಿನಕಾಯಿ. "ನೀರಲ್ಲಿ ಹುಟ್ಟುತ್ತೆ, ನೀರು ಮುಟ್ಟಿದರೆ ಮಾಯ ಆಗುತ್ತೆ." ಉಪ್ಪು. ಐದು ವರ್ಷದ ಪಕ್ಕದ ಮನೆ ಹುಡುಗಿಗೆ ಇದರಲ್ಲಿ ಎಲ್ಲಿಲ್ಲದ ಚುರುಕು. ಅವಳಿಗಾಗಿ ನಾನೂ ಒಂದು ಕಟ್ಟಿದೆ: 'ಮುಳ್ಳಿದೆ, ಚುಚ್ಚೋದಿಲ್ಲ. ಹಗಲೂ ರಾತ್ರಿ ಸುತ್ತುತ್ತೆ, ಮನೆ ಬಿಟ್ಟು ಹೋಗಲ್ಲ.' ಗಡಿಯಾರ ಅಂತ ಅವಳು ಹೇಳಿದ ವೇಗಕ್ಕೆ ಅತ್ತೆಯೂ ಬೆರಗಾದರು. 'ಹಲ್ಲಿದೆ, ಕಚ್ಚಲ್ಲ' ಅಂದರೆ ಬಾಚಣಿಗೆ ಅನ್ನುವುದು ಮಾತ್ರ ನನ್ನ ಮಗಳಿಗೆ ಒಪ್ಪಿಗೆ ಇಲ್ಲ. ಅವಳ ಪ್ರಕಾರ ಬಾಚಣಿಗೆ ಕಚ್ಚುತ್ತದೆ, ಅದೂ ದಿನಾ ಬೆಳಿಗ್ಗೆ.

ಮೂರು ವಯಸ್ಸಿನ ಮಕ್ಕಳು ಒಟ್ಟಿಗೆ ಆಡಿದರೆ ದೊಡ್ಡವರೇ ಎಲ್ಲ ಹುಡುಕಿಬಿಡುತ್ತಾರೆ, ಚಿಕ್ಕವರು ಬಾಲ ಹಿಡಿದು ಓಡುತ್ತಾರೆ. ಅದಕ್ಕೆ ಸರದಿ ಮಾಡಿದೆ. ಬಟ್ಟೆ ಚೂರು ಬಂದರೆ ಮಗಳದು, ಅಕ್ಷರದ ಚೀಟಿ ಮಗನದು, ಅಜ್ಜಿಯ ಒಗಟು ಪಕ್ಕದ ಮನೆಯವಳದು. ಬೇರೆಯವರಿಗೆ ಉತ್ತರ ಗೊತ್ತಿದ್ದರೆ ಬಾಯಿ ಮೇಲೆ ಕೈ. ಮಗನಿಗೆ ಇದು ಕಷ್ಟ. ಎರಡೂ ಕೈ ಬಾಯಿಗೆ ಒತ್ತಿಕೊಂಡು ಕಣ್ಣಿನಲ್ಲೇ ದಾರಿ ತೋರಿಸುತ್ತಾನೆ. ಏಳು ಸುಳಿವಿಗಿಂತ ಜಾಸ್ತಿ ಇಡುವುದಿಲ್ಲ. ಏಳು ಅಂದರೆ ಇಪ್ಪತ್ತು ನಿಮಿಷ, ಇಪ್ಪತ್ತೈದು ಅಂದರೆ ಜಾಸ್ತಿಯಾಯಿತು. ಹತ್ತು ಇಟ್ಟಾಗ ಎಂಟನೆಯದಕ್ಕೆ ಮಗಳು ಹಸಿವು ಅಂದಳು.

ಇಡುವಾಗ ಹಿಂದಿನಿಂದ ಇಡಬೇಕು. ಮೊದಲು ನಿಧಿ. ಆಮೇಲೆ ನಿಧಿಯ ಜಾಗ ಹೇಳುವ ಚೀಟಿ, ಅದನ್ನು ಇಟ್ಟ ಜಾಗ ಹೇಳುವ ಚೀಟಿ, ಹೀಗೆ ಹಿಂದಕ್ಕೆ ಬರುತ್ತಾ ಕೊನೆಗೆ ಉಳಿಯುವುದೇ ಮಕ್ಕಳ ಕೈಗೆ ಕೊಡುವ ಮೊದಲ ಚೀಟಿ. ಮುಂದಿನಿಂದ ಇಡುತ್ತಾ ಹೋದರೆ ನಾಲ್ಕನೆಯದು ಐದನೆಯ ಜಾಗದಲ್ಲಿ ಕೂತು ಎಲ್ಲ ಗೋಜಲು. ಚೀಟಿಯ ಮೂಲೆಯಲ್ಲಿ ನಂಬರ್ ಹಾಕಿ. ಅಡ್ಡಾಡುವಾಗ ಮಕ್ಕಳಿಗೆ ಆರನೆಯದು ಮೊದಲೇ ಸಿಗುವುದು ಮಾಮೂಲಿ. ನಂಬರ್ ನೋಡಿ ವಾಪಸ್ ಇಟ್ಟುಬಿಡುತ್ತಾರೆ, ಕನಿಷ್ಠ ಇಡಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಎಲ್ಲೆಲ್ಲಿ ಇಟ್ಟೆ ಅನ್ನುವ ಒಂದು ಪಟ್ಟಿ ನಿಮ್ಮ ಹತ್ತಿರ ಇರಲೇಬೇಕು. ನನಗೆ ನೆನಪಿರುತ್ತೆ ಬಿಡಿ ಅಂತ ಒಮ್ಮೆ ಬರೆದುಕೊಳ್ಳಲಿಲ್ಲ. ಒಂದು ಚೀಟಿ ಸಿಗಲೇ ಇಲ್ಲ. ಹೆಚ್ಚುವರಿ ಚೀಟಿ ಹಾಕಿ ಆಟ ಮುಗಿಸಿದೆ, ಮರೆತೂ ಬಿಟ್ಟೆ. ನಾಲ್ಕು ದಿನ ಬಿಟ್ಟು ಬ್ಲೌಸ್ ತೆಗೆದುಕೊಂಡು ಹೋಗಿದ್ದ ಒಬ್ಬರು ಫೋನ್ ಮಾಡಿದರು. "ಅಲ್ಲ, ಬ್ಲೌಸ್ ಚೆನ್ನಾಗಿದೆ. ಆದರೆ ತೋಳಿನ ಒಳಗೆ 'ಬಕೆಟ್ ಹಿಂದೆ ನೋಡು' ಅಂತ ಒಂದು ಚೀಟಿ ಇತ್ತಲ್ಲ, ನಾನೂ ನಮ್ಮನೆ ಬಕೆಟ್ ಹಿಂದೆ ನೋಡಿಬಿಟ್ಟೆ!"

ಅವತ್ತಿನಿಂದ ಗಿರಾಕಿಗಳ ಬಟ್ಟೆಯ ಹತ್ತಿರ ಆಟ ಇಲ್ಲ. ಅಸಲಿಗೆ ಹೊಲಿಗೆ ಮೆಷಿನ್ನಿನ ಮೂಲೆಗೇ ಇಲ್ಲ, ಅಲ್ಲಿ ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆ. ಹೋಗಬಾರದ ಜಾಗಕ್ಕೆ ಕೆಂಪು ಬಟ್ಟೆಪಟ್ಟಿ ಕಟ್ಟುತ್ತೇನೆ. ಬಚ್ಚಲಿನ ಬಾಗಿಲಿಗೆ ಒಂದು, ಅಲ್ಲಿ ಹಂಡೆ ನೀರು ಕುದಿಯುತ್ತಿರುತ್ತದೆ. ಅಟ್ಟದ ಏಣಿಗೆ ಒಂದು. ಫಿನಾಯಿಲ್, ಮಾತ್ರೆ ಇಡುವ ಕಪಾಟಿಗೆ ಒಂದು. 'ಕೆಂಪು ಕಂಡರೆ ಅಲ್ಲಿ ಏನೂ ಇಟ್ಟಿಲ್ಲ' ಅಂತ ಆಟ ಶುರುವಾಗುವ ಮುಂಚೆ ಮೂವರ ಬಾಯಲ್ಲೂ ಹೇಳಿಸುತ್ತೇನೆ. ಮಗಳ ಭುಜಕ್ಕಿಂತ ಎತ್ತರದಲ್ಲಿ ಏನನ್ನೂ ಇಡುವುದಿಲ್ಲ. ಎತ್ತರದಲ್ಲಿ ಇದೆ ಅಂತ ಒಮ್ಮೆ ಗೊತ್ತಾದರೆ ಮಕ್ಕಳು ಕುರ್ಚಿ ಮೇಲೆ ಸ್ಟೂಲು ಇಟ್ಟು ಹತ್ತುತ್ತಾರೆ. ಸ್ವಿಚ್ ಬೋರ್ಡ್, ಒಲೆ, ನೀರು ತುಂಬಿದ ಪಾತ್ರೆ, ಇವುಗಳ ಸುತ್ತಮುತ್ತಲೂ ಬೇಡ.

ನಿಧಿಗೆ ಏನು ಇಡುತ್ತೇವೆ ಅನ್ನುವುದರಲ್ಲೂ ಎಡವಿದ್ದೇನೆ. ಒಂದು ಸಲ ಗುಲಗಂಜಿ ನೆನಪಾಯಿತು. ಅತ್ತೆಯ ಪೆಟ್ಟಿಗೆಯಲ್ಲಿ ಒಂದು ಹಿಡಿ ಇತ್ತು. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ರತ್ನದ ಹಾಗೇ. ಹಳೇ ಕುಂಕುಮದ ಭರಣಿಯಲ್ಲಿ ತುಂಬಿ ರಾಜನ ಖಜಾನೆ ಮಾಡೋಣ ಅಂತ ಹೊರಟಿದ್ದೆ. ಅತ್ತೆ ಕೈಯಿಂದ ಕಸಿದುಕೊಂಡರು. "ಅದು ವಿಷ ಮಾರಾಯ್ತಿ, ಆ ಸಣ್ಣದು ಬಾಯಿಗೆ ಹಾಕಿ ಅಗಿದರೆ ಏನು ಗತಿ?" ನಿಜ, ಗುಲಗಂಜಿ ಬೀಜ ಅಗಿದು ನುಂಗಿದರೆ ಜೀವಕ್ಕೇ ಅಪಾಯ. ನನಗೆ ಮೈ ಜುಮ್ಮೆಂದಿತು. ಅದೇ ಸಾಲಿಗೆ ಗೋಲಿ, ನಾಣ್ಯ, ಗುಂಡಿ, ಹುಣಸೆ ಬೀಜ ಎಲ್ಲ ಸೇರುತ್ತವೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಗಂಟಲಲ್ಲಿ ಸಿಕ್ಕುವ ಸೈಜಿನದು ಯಾವುದೂ ಬೇಡ. ಆಟಿಕೆಯ ಟಾರ್ಚ್, ಹಾಡುವ ಗೊಂಬೆಗಳಲ್ಲಿ ಇರುವ ಚಪ್ಪಟೆ ಗುಂಡಿ ಬ್ಯಾಟರಿ ಇನ್ನೂ ಕೆಟ್ಟದ್ದು. ಅದರ ಮುಚ್ಚಳಕ್ಕೆ ಸ್ಕ್ರೂ ಬಿಗಿಯಾಗಿದೆಯಾ ನೋಡಿಯೇ ಕೈಗೆ ಕೊಡುವುದು.

ಇನ್ನೊಂದು ಸಲ ಕೊಬ್ಬರಿ ಮಿಠಾಯಿ ಇಟ್ಟೆ, ರಾತ್ರಿಯೇ. ಬೆಳಿಗ್ಗೆ ಮಕ್ಕಳಿಗಿಂತ ಮುಂಚೆ ಇರುವೆಗಳಿಗೆ ನಿಧಿ ಸಿಕ್ಕಿತ್ತು. ಮಂಚದ ಕೆಳಗಿನಿಂದ ಗೋಡೆಯವರೆಗೆ ಕಪ್ಪು ದಾರ ಎಳೆದ ಹಾಗೆ ಸಾಲು. ಮಗ ಅದನ್ನೇ ಸುಳಿವು ಅಂದುಕೊಂಡು ಹಿಂಬಾಲಿಸಿದ. ಆಮೇಲೆ ಚಾಕಲೇಟ್ ಇಟ್ಟೆ, ಮೂವರಿಗೆ ಮೂರು. ಒಂದರ ಕಾಗದ ನೀಲಿ, ಎರಡರದು ಕೆಂಪು. ನೀಲಿ ಯಾರಿಗೆ ಅಂತ ನಡೆದ ಯುದ್ಧವನ್ನು ಬಿಡಿಸಲು ಹುಡುಕಾಟಕ್ಕೆ ಹಿಡಿದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಹೀಗೆ ಸುತ್ತಿ ಸುತ್ತಿ ಬಂದು ನಿಂತದ್ದು ಮಂಡಕ್ಕಿಯಲ್ಲಿ. ಮನೆಯ ಏಳು ಜಾಗದಲ್ಲಿ ಮಂಡಕ್ಕಿ ಕಲಸಲು ಬೇಕಾದ ಏಳು ಸಾಮಾನು. ಪ್ರತಿ ಸುಳಿವಿನ ಜೊತೆ ಒಂದೊಂದು. ಹೋದ ವಾರ ಆಡಿದ್ದು ಹೇಳುತ್ತೇನೆ. ಮೊದಲು ಮಗಳಿಗೆ ದಿಂಬಿನ ಬಟ್ಟೆಯ ಚೂರು. ದಿಂಬಿನ ಕೆಳಗೆ ಹುರಿದ ಕಡ್ಲೆಬೀಜದ ಪುಟ್ಟ ಡಬ್ಬಿ, ಜೊತೆಗೆ 'ಕೊಡೆ ಕೆಳಗೆ ನೋಡು'. ಮಗ ಜಗುಲಿಯಲ್ಲಿ ಒಣಗಲು ಬಿಚ್ಚಿಟ್ಟಿದ್ದ ಕೊಡೆ ಎತ್ತಿದರೆ ಕ್ಯಾರೆಟ್, ಮತ್ತು ಅಜ್ಜಿ ಹತ್ತಿರ ಹೋಗಲು ಚೀಟಿ. ಅಜ್ಜಿ ಉಪ್ಪಿನ ಒಗಟು ಹೇಳಿದರು. ಉಪ್ಪಿನ ಭರಣಿಯಲ್ಲಿ ಉಪ್ಪು ಹೇಗೂ ಇದೆ, ಖಾರದ ಪುಡಿಯ ಡಬ್ಬಿ ಗಟ್ಟಿ ಮುಚ್ಚಳ ಹಾಕಿ ನಾನೇ ಕೈಯಲ್ಲಿ ಹಿಡಿದುಕೊಂಡಿದ್ದೆ. ಅಲ್ಲಿದ್ದ ಬಾಟಲಿ ಮುಚ್ಚಳ ಹಿಡಿದು ಮಗಳು ಬಾಟಲಿ ಹುಡುಕಿದಳು, ಅದರ ಹಿಂದೆ ನಿಂಬೆಹಣ್ಣು. 'ಚೀಲದ ಒಳಗೆ' ಅಂತ ಮಗನಿಗೆ, ಶಾಲೆ ಚೀಲದಲ್ಲಿ ಈರುಳ್ಳಿ! ಈರುಳ್ಳಿ ಕಂಡು ಮೂವರೂ ಬಿದ್ದು ಬಿದ್ದು ನಕ್ಕರು. ಮರುದಿನ ಪುಸ್ತಕಗಳೆಲ್ಲ ಈರುಳ್ಳಿ ವಾಸನೆ, ಅದು ಬೇರೆ ವಿಷಯ. ಗಡಿಯಾರದ ಒಗಟಿಗೆ ಗಡಿಯಾರದ ಕೆಳಗಿನ ಮೇಜಿನ ಮೇಲೆ ಕೊತ್ತಂಬರಿ ಸೊಪ್ಪು. ಕೊನೆಗೆ ದೊಡ್ಡ ಡಬ್ಬದ ತುಂಬ ಮಂಡಕ್ಕಿ.

ಈರುಳ್ಳಿ, ಕ್ಯಾರೆಟ್ಟಿನ ಕೆಲಸ ನನ್ನದು. ಮಗ ನಿಂಬೆಹಣ್ಣು ಹಿಂಡುತ್ತಾನೆ, ಹುಡುಗಿ ಕೊತ್ತಂಬರಿ ಬಿಡಿಸುತ್ತಾಳೆ, ಮಗಳು ಎರಡು ಚಮಚ ಕೊಬ್ಬರಿ ಎಣ್ಣೆ ಸುರಿಯುತ್ತಾಳೆ, ಎರಡು ಅಂದರೆ ಅವಳ ಲೆಕ್ಕದಲ್ಲಿ ಎರಡು. ದೊಡ್ಡ ಪಾತ್ರೆಯಲ್ಲಿ ಎಲ್ಲರ ಕೈಯೂ ಒಟ್ಟಿಗೆ. ಪಾಲಿನ ಜಗಳ ಇಲ್ಲ, ಮಂಡಕ್ಕಿಯಲ್ಲಿ ನೀಲಿ ಕೆಂಪು ಇಲ್ಲವಲ್ಲ. ಮಳೆ ಹೊಯ್ಯುವ ಮಧ್ಯಾಹ್ನಕ್ಕೆ ಬೇರೆ ತಿಂಡಿಯೂ ಬೇಡ.

ಕರೆಂಟ್ ಹೋದ ಸಂಜೆಗೆ ಬೇರೆ ಆಟ. ಸೀರೆ ಅಂಚಿನ ಜರಿ ಚೂರುಗಳನ್ನು ಅಲ್ಲಿಲ್ಲಿ ಸಿಕ್ಕಿಸಿಬಿಡುತ್ತೇನೆ. ಟಾರ್ಚ್ ಬೆಳಕು ಬಿದ್ದ ಕೂಡಲೇ ಮಿಂಚುತ್ತದೆ. ಚೀಟಿ ಬೇಡ, ಒಗಟು ಬೇಡ. ಕತ್ತಲೆಗೆ ಹೆದರುತ್ತಿದ್ದ ಪಕ್ಕದ ಮನೆ ಹುಡುಗಿ ಈಗ ಕರೆಂಟ್ ಇದ್ದರೂ ದೀಪ ಆರಿಸಿ ಅನ್ನುತ್ತಾಳೆ. ತೀರಾ ಚಿಕ್ಕ ಮಕ್ಕಳಿಗೆ ದಾರದ ಆಟವೂ ಒಳ್ಳೆಯದು. ಉಲ್ಲನ್ ದಾರವನ್ನು ಕುರ್ಚಿ ಕೆಳಗೆ, ಮಂಚದ ಕಾಲಿನ ಸುತ್ತ ಎಳೆದು ತುದಿಗೆ ಗೊಂಬೆ ಕಟ್ಟುವುದು. ಮಗು ದಾರ ಸುತ್ತಿಕೊಳ್ಳುತ್ತಾ ಹೋಗಬೇಕು. ದಾರ ನೆಲದ ಮೇಲೇ ಇರಲಿ, ಕುತ್ತಿಗೆ ಎತ್ತರಕ್ಕೆ ಎಲ್ಲೂ ಕಟ್ಟಬೇಡಿ. ಆಟ ಮುಗಿದ ಕೂಡಲೇ ಎತ್ತಿಡಿ.

ಹೋದ ವರ್ಷದ ಕೃಷ್ಣಾಷ್ಟಮಿಯದ್ದು ಮಾತ್ರ ಮರೆಯುವ ಹಾಗಿಲ್ಲ. ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬಾಗಿಲಿನಿಂದ ದೇವರ ಮನೆಗೆ ಬರೆಯುವುದು ವಾಡಿಕೆ. ಅಕ್ಕಿ ಹಿಟ್ಟನ್ನು ನೀರಲ್ಲಿ ತೆಳ್ಳಗೆ ಕಲಸಿ, ಮುಷ್ಟಿ ಕಟ್ಟಿ, ಕಿರುಬೆರಳಿನ ಕಡೆಯ ಬದಿಯನ್ನು ಅದರಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಮಗುವಿನ ಪಾದದ ಆಕಾರ ಬೀಳುತ್ತದೆ. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಬೆರಳು. ಬಲ ಮುಷ್ಟಿ ಒಮ್ಮೆ, ಎಡ ಮುಷ್ಟಿ ಒಮ್ಮೆ. ನಮ್ಮದು ಕೆಂಪು ನೆಲ, ಬಿಳಿ ಹೆಜ್ಜೆ ಎದ್ದು ಕಾಣುತ್ತದೆ. ಆ ಸಲ ಹೆಜ್ಜೆ ದೇವರ ಮನೆಗೆ ಹೋಗಿ ನಿಲ್ಲಲಿಲ್ಲ. ಅಲ್ಲಿಂದ ಹೊರಬಂದು, ಅಡುಗೆ ಮನೆ ಹೊಕ್ಕು, ಮೊಸರಿನ ಪಾತ್ರೆ ಹತ್ತಿರ ಒಂದು ಕಡೆ ಜೋಡಿ ಪಾದ ನಿಂತು, ಮತ್ತೆ ನಡುಮನೆಗೆ ಬಂದು ಮಂಚದ ಕೆಳಗೆ ಮಾಯವಾಯಿತು. ಮಂಚದ ಕೆಳಗೆ ಚಕ್ಕುಲಿ, ಉಂಡೆಯ ಡಬ್ಬ. ಮಳೆಗಾಲದಲ್ಲಿ ಹಿಟ್ಟಿನ ನೀರು ಬೇಗ ಒಣಗುವುದಿಲ್ಲ, ಹಾಗಾಗಿ ಮಕ್ಕಳು ಏಳುವ ಒಂದು ಗಂಟೆ ಮೊದಲೇ ಫ್ಯಾನ್ ಹಾಕಿ ಒಣಗಿಸಿದ್ದೆ. ಹಸಿ ಇದ್ದರೆ ಜಾರುತ್ತದೆ. ಮಗಳು ಒಂದೂ ಹೆಜ್ಜೆ ತುಳಿಯದೆ, ಪಕ್ಕದಲ್ಲೇ ಬಗ್ಗಿ ಬಗ್ಗಿ ನಡೆದಳು. ಮೊಸರಿನ ಪಾತ್ರೆ ಹತ್ತಿರ ಬಂದಾಗ ಮುಚ್ಚಳ ತೆಗೆದು ಒಳಗೆ ನೋಡಿ, "ಸ್ವಲ್ಪ ತಿಂದಿದ್ದಾನೆ" ಅಂದಳು. ಅಷ್ಟು ನಾನು ಯೋಚಿಸಿಯೇ ಇರಲಿಲ್ಲ. ಹಿಂದಿನ ರಾತ್ರಿ ಊಟಕ್ಕೆ ಬಳಸಿದ್ದು ಅಷ್ಟೆ.

ಮಗನ ಹುಟ್ಟುಹಬ್ಬಕ್ಕೆ ಹನ್ನೊಂದು ಮಕ್ಕಳನ್ನು ಕರೆದು ಇದೇ ಆಟ ಆಡಿಸಲು ಹೋಗಿದ್ದೂ ಇದೆ. ಬೇಡ. ಹನ್ನೊಂದು ಮಕ್ಕಳು ಒಂದೇ ಚೀಟಿಗೆ ಬಿದ್ದರೆ ಚೀಟಿ ಹನ್ನೊಂದು ಚೂರು. ಹಾಗೇ ಮಾಡಬೇಕು ಅಂದರೆ ನಾಲ್ಕು ನಾಲ್ಕು ಮಕ್ಕಳ ಗುಂಪು, ಗುಂಪಿಗೊಂದು ಬಣ್ಣ, ಗುಂಪಿಗೊಬ್ಬರು ದೊಡ್ಡವರು, ಮತ್ತು ಬೇರೆಯವರ ಮನೆ.

ಈ ವರ್ಷ ಆಟ ತಿರುಗಿ ನಿಂತಿದೆ. ಮಕ್ಕಳು ಅಡಗಿಸುತ್ತಾರೆ, ನಾನು ಹುಡುಕಬೇಕು. ಮೊನ್ನೆ ಮಗಳು ಒಂದು ಚೀಟಿ ತಂದು ಕೊಟ್ಟಳು. ಅದರಲ್ಲಿ ಇದ್ದದ್ದು ಒಂದು ವೃತ್ತ, ಅಷ್ಟೆ. ಒಳಗೆ ಏನೂ ಇಲ್ಲ. ಗಡಿಯಾರವಾ ಅಂದೆ. ತಲೆ ಅಲ್ಲಾಡಿಸಿದಳು. ದೋಸೆ ಕಾವಲಿ ಎತ್ತಿ ನೋಡಿದೆ. ತಟ್ಟೆಗಳ ಮಧ್ಯೆ ನೋಡಿದೆ. ಬಳೆ ಸ್ಟ್ಯಾಂಡ್, ಕುಕ್ಕರಿನ ಮುಚ್ಚಳ, ನೂಲಿನ ಉಂಡೆ. ಮಗನಿಗೆ ಗೊತ್ತಿತ್ತು, ಎರಡೂ ಕೈ ಬಾಯಿ ಮೇಲೆ. ಕಣ್ಣು ಜಗುಲಿ ಕಡೆಗೆ. ಹದಿನೈದು ನಿಮಿಷ ಮನೆಯೆಲ್ಲ ಜಾಲಾಡಿದೆ. ಅತ್ತೆ ಅಷ್ಟೂ ಹೊತ್ತು ತಮ್ಮ ಗುಂಡನೆಯ ಎಲೆ-ಅಡಿಕೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮಳೆ ನೋಡುತ್ತಾ ಕೂತಿದ್ದರು. ಅವತ್ತು ಬಾಯಿಗೆ ಎಲೆಯನ್ನೇ ಹಾಕಿರಲಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ.

ಡಬ್ಬಿ ತೆಗೆದೆ. ವೀಳ್ಯದೆಲೆಯ ಮೇಲೆ ಅರ್ಧ ಶೇಂಗಾ ಚಿಕ್ಕಿ. ಒಂದು ಕಡೆ ಹಲ್ಲಿನ ಗುರುತು. "ನಿಂಗೆ ಅರ್ಧ ಇಟ್ಟಿದೀನಿ" ಅಂದಳು. ಚಿಕ್ಕಿಗೆ ಸುಣ್ಣ ತಾಗಿದೆಯಾ ಅಂತ ನೋಡುವಷ್ಟರಲ್ಲಿ ಅತ್ತೆ ಕೈ ಚಾಚಿ, "ಆಯ್ತಲ್ಲ, ಡಬ್ಬಿ ಕೊಡು ಇತ್ಲಾಗೆ. ಒಂದು ಗಂಟೆಯಿಂದ ಕಾಯ್ತಿದೇನೆ" ಅಂದರು.